ಉಟ್ರೆಕ್ಟಿನಲ್ಲಿ ಕಣ್ಣು ಮುಚ್ಚಿ ಮಾಡಿದ ಆಪರೇಷನ್

ಪರದೇಶಕ್ಕೆ ಹೋಗಿಬಂದವರು ಅಲ್ಲಿ ಏನೇನು ನೋಡಿದೆವೆಂದು ಬರೆಯುತ್ತಾರೆ. ನನಗೆ ಆ ಅನುಕೂಲವಿಲ್ಲ. ಹಾಲೆಂಡಿನ ಉಟ್ರೆಕ್ಟ್ ಎಂಬ ಊರಿನಲ್ಲಿದ್ದ ಹದಿನೈದು ದಿನಗಳಲ್ಲಿ ನಾನು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡು ಮಲಗಿದ್ದೆ. ನಿದ್ದೆಗಲ್ಲ, ಕಲಿಯುವುದಕ್ಕೆ. ಈ ವಿವರಣೆಯನ್ನು ತಿಪ್ಪಸಂದ್ರದಲ್ಲಿ ಬೇಸಾಯ ಮಾಡಿಕೊಂಡಿರುವ ನಮ್ಮಣ್ಣ ಇವತ್ತಿಗೂ ಒಪ್ಪಿಲ್ಲ. “ನಮ್ ಡಾಕ್ಟ್ರು ಇಮಾನ ಹತ್ಕಂಡು ಹೋಗಿ ಮಲೀಕಂಡು ಬಂದ್ರು ಕಣ್ರಪ್ಪ” ಎಂದು ಕಂಡವರಿಗೆಲ್ಲ ಹೇಳಿಕೊಂಡು ನಗುತ್ತಾನೆ. ಅವನ ಬಾಯಿ ಮುಚ್ಚಿಸುವುದಕ್ಕಾದರೂ ನಾನು ಇದನ್ನು ಬರೆಯಬೇಕಾಗಿದೆ.

ರಾಮನಗರ

ಆಗ ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಬಿಡದಿಗೆ ಕಾರಿನ ಫ್ಯಾಕ್ಟರಿ ಬಂದು, ಅದರ ಬೆನ್ನಿಗೆ ಬೋಲ್ಟು, ರಬ್ಬರು, ಸೀಟು ಮಾಡುವ ಫ್ಯಾಕ್ಟರಿಗಳೂ ಬಂದು, ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಕಾಲಿಡಲು ಜಾಗವಿಲ್ಲದಂತಾಗಿತ್ತು. ನಾನು ಸರ್ಜನ್ ಆಗಿರುವ ನರ್ಸಿಂಗ್ ಹೋಮಿನ ರೋಗಿಗಳೂ ಬದಲಾಗಿದ್ದರು. ಹಿಂದೆಲ್ಲ ಹೊಟ್ಟೆ ಕೊಯ್ಸಿಕೊಂಡವರು ಒಂದು ತಿಂಗಳು ಹಾಯಾಗಿ ಮಲಗಿ, ನೆಂಟರು ತಂದ ಬ್ರೆಡ್ಡು, ಮೂಸಂಬಿಗಳನ್ನೆಲ್ಲ ಮುಗಿಸಿ, ಆಮೇಲೆ ಹೊಲದ ಕಡೆ ಹೊರಡುತ್ತಿದ್ದರು. ಫ್ಯಾಕ್ಟರಿಯವರಿಗೆ ಅಷ್ಟು ಪುರುಸೊತ್ತಿಲ್ಲ.

“ತೂತು ಆಪರೇಷನ್ ಮಾಡ್ತೀರಾ ಸಾರ್? ಮುಂದಿನ್ ಸೋಮವಾರ ಫಸ್ಟ್ ಶಿಫ್ಟಿಗೆ ಹೋಗ್ಬೇಕು” ಎಂದು ಕೇಳುತ್ತಿದ್ದರು. ಹೊಟ್ಟೆಗೆ ಮೂರ್ನಾಲ್ಕು ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ ತೂರಿಸಿ, ಉಳಿದವುಗಳಲ್ಲಿ ಕಡ್ಡಿಯಂಥ ಉದ್ದ ಸಲಕರಣೆಗಳನ್ನು ಇಳಿಸಿ, ಟಿವಿ ನೋಡಿಕೊಂಡು ಮಾಡುವ ಆಪರೇಷನ್ನಿಗೆ ನಮ್ಮ ಕಡೆ ಇಟ್ಟ ಹೆಸರು ಅದು. ನನಗೆ ಬರುವುದಿಲ್ಲ ಎಂದರೆ ಅವರು ಬೆಂಗಳೂರಿನ ಬಸ್ಸು ಹತ್ತುತ್ತಿದ್ದರು. ಕೊನೆಗೆ ನಮ್ಮ ಆಡಳಿತದವರು, ಕಲಿತು ಬರಲು ನನ್ನನ್ನು ಉಟ್ರೆಕ್ಟಿಗೆ ಕಳಿಸುವುದೆಂದು ನಿಶ್ಚಯಿಸಿ, ಆ ಕ್ಯಾಮೆರಾ ಯಂತ್ರವನ್ನು ತರಿಸಿಯೇ ಬಿಟ್ಟರು. ಅದು ಆಪರೇಷನ್ ಥಿಯೇಟರಿನ ಮೂಲೆಯಲ್ಲಿ ಹಸಿರು ಬಟ್ಟೆ ಹೊದ್ದು, ಮದುವೆಗೆ ಕೂತ ಹೆಣ್ಣಿನ ಹಾಗೆ ಕಾಯುತ್ತಿತ್ತು.

ಅದಕ್ಕಿಂತ ಹೆಚ್ಚಾಗಿ ಕಾಯುತ್ತಿದ್ದವರು ಮುಮ್ತಾಜ್ ಸಿಸ್ಟರ್. ಹದಿನೆಂಟು ವರ್ಷದಿಂದ ಥಿಯೇಟರಿನಲ್ಲಿ ನನ್ನ ಎದುರು ನಿಂತು ಸಲಕರಣೆ ಕೊಡುವವರು ಅವರೇ. ರೇಷ್ಮೆ ನೂಲು ಬಿಚ್ಚುವವರ ಮನೆಯ ಮಗಳು. ನಾನು ಬಾಯಿ ಬಿಟ್ಟು ಏನನ್ನೂ ಕೇಳುವವನಲ್ಲ. ಕೈ ಒಡ್ಡುತ್ತೇನೆ, ಬೇಕಾದ್ದು ಅಂಗೈಗೆ ಬಂದು ಬೀಳುತ್ತದೆ. ನನ್ನ ಕೈ ಚುರುಕು ಎಂದು ಸುತ್ತಲ ನಾಲ್ಕು ತಾಲ್ಲೂಕಿನಲ್ಲಿ ಹೆಸರಿತ್ತು. ಆ ಹೆಸರನ್ನು ನಾನೂ ಸ್ವಲ್ಪ ಜಾಸ್ತಿಯೇ ನಂಬಿದ್ದೆ.

ಆ ಸಿಸ್ಟರಿಗೇ ಪಿತ್ತಕೋಶದಲ್ಲಿ ಕಲ್ಲಾಗಿ ಎರಡು ಸಲ ನೋವು ಬಂದಿತ್ತು. ಬೆಂಗಳೂರಿಗೆ ಹೋಗಿ ಎಂದೆ. ಅವರು ಒಪ್ಪಲಿಲ್ಲ.

“ನೀವು ಕಲ್ತ್ಕಂಡು ಬನ್ನಿ ಸಾರ್. ನಿಮ್ ಕೈನಾಗೇ ಮಾಡಿಸ್ಕತೀನಿ.”

“ನಾನು ಈಗ್ಲೇ ಹಳೇ ಥರ ಕೊಯ್ದು ತೆಗೀತೀನಲ್ಲ?”

“ಆಮೇಲೆ ಒಂದೂವರೆ ತಿಂಗ್ಳು ಮನೇಲಿ ಕೂರ್ಬೇಕಲ್ಲ ಸಾರ್. ನಾನಿಲ್ದೆ ನೀವೇನ್ ಮಾಡ್ತೀರಿ?”

ನಾನು ನಕ್ಕೆ. ಅವರು ನಗಲಿಲ್ಲ. ಇನ್ನೊಂದು ಸಲ ನೋವು ಬಂದರೆ ಕಾಯುವಂತಿಲ್ಲ, ಸೀದಾ ಬೆಂಗಳೂರಿಗೆ, ಎಂದು ಅವರಿಂದ ಮಾತು ತೆಗೆದುಕೊಂಡು ವಿಮಾನ ಹತ್ತಿದೆ. ತರಬೇತಿಯ ಕೊನೆಯಲ್ಲಿ ಪರೀಕ್ಷೆಯಿತ್ತು. ಪಾಸಾದರೆ ಆ ಯಂತ್ರ ಮುಟ್ಟಬಹುದು, ಇಲ್ಲದಿದ್ದರೆ ಇಲ್ಲ. ನಲವತ್ತೆಂಟನೆಯ ವಯಸ್ಸಿನಲ್ಲಿ ಪರೀಕ್ಷೆಗೆ ಹೆದರುವುದು ಎಂಥದ್ದೆಂದು ಹೆದರಿದವರಿಗಷ್ಟೇ ಗೊತ್ತು.

ಕೋರಿ ಅಜ್ಜಿಯ ಮನೆ

ಉಟ್ರೆಕ್ಟಿನಲ್ಲಿ ನನಗೆ ಗೊತ್ತುಮಾಡಿದ್ದು ಕೋರಿ ಎಂಬ ಎಪ್ಪತ್ತು ದಾಟಿದ ಅಜ್ಜಿಯ ಮನೆಯ ಮೇಲಿನ ಕೋಣೆ. ಮೆಟ್ಟಿಲು ಎಷ್ಟು ಕಡಿದೆಂದರೆ, ನಮ್ಮ ರಾಮದೇವರ ಬೆಟ್ಟ ಹತ್ತಿ ಅಭ್ಯಾಸವಿರುವ ನಾನೇ ಮೊದಲ ದಿನ ಸೂಟ್‌ಕೇಸನ್ನು ತಲೆಯ ಮೇಲಿಟ್ಟುಕೊಂಡು ಹತ್ತಿದೆ. ಬೀದಿಯ ಕಡೆಗೆ ದೊಡ್ಡ ಕಿಟಕಿ, ಪರದೆಯಿಲ್ಲ. ಆ ಬೀದಿಯಲ್ಲಿ ಯಾರ ಮನೆಗೂ ಪರದೆಯಿಲ್ಲ. ಒಳಗೆ ಊಟ, ಟಿವಿ, ಜಗಳ ಎಲ್ಲ ಕಾಣುತ್ತದೆ, ಆದರೆ ಹೋಗುವವರು ಯಾರೂ ತಿರುಗಿ ನೋಡುವುದಿಲ್ಲ. ನಮ್ಮ ಬೀದಿಯಲ್ಲಿ ಹೀಗೆ ಕಿಟಕಿ ತೆರೆದಿಟ್ಟರೆ ಸಂಜೆಯೊಳಗೆ ನಾಲ್ಕು ಜನ ಬಂದು ಸಾರಿಗೆ ಏನು ಹಾಕಿದ್ದೀರೆಂದು ಕೇಳಿಕೊಂಡು ಹೋಗುತ್ತಾರೆ.

ಅಜ್ಜಿ ಕಾಫಿ ಮಾಡಿ, ಬಿಸ್ಕತ್ತಿನ ಡಬ್ಬಿ ತೆರೆದು ನನ್ನ ಮುಂದೆ ಹಿಡಿದರು. ಮೊದಲನೆಯ ಸಲ ಬೇಡವೆನ್ನುವುದು ನಾನು ಬೆಳೆದ ಮನೆಯ ಮರ್ಯಾದೆ. ಬೇಡವೆಂದೆ. ಅಜ್ಜಿ “ಸರಿ” ಎಂದು ಡಬ್ಬಿ ಮುಚ್ಚಿ ಬೀರುವಿನೊಳಗಿಟ್ಟು ಬಂದರು. ನಾನು ಬೀರುವನ್ನೇ ನೋಡುತ್ತ ಕಾಫಿ ಕುಡಿದೆ. ಮಾರನೆಯ ದಿನ ಡಬ್ಬಿ ತೆರೆದ ತಕ್ಷಣ ಕೈ ಹಾಕಿ ಎರಡು ತೆಗೆದೆ. ಅಜ್ಜಿಯ ಹುಬ್ಬು ಮೇಲೇರಿತು. ಅಲ್ಲಿ ಒಂದು ಕಾಫಿಗೆ ಒಂದೇ ಬಿಸ್ಕತ್ತು ಎಂದು ನನಗೆ ಯಾರೂ ಹೇಳಿರಲಿಲ್ಲ.

ಬೆಳಗಿನ ತಿಂಡಿಗೆ ಅವರು ಬ್ರೆಡ್ಡಿಗೆ ಬೆಣ್ಣೆ ಸವರಿ, ಅದರ ಮೇಲೆ ಚಾಕಲೇಟಿನ ಸಣ್ಣ ಸಣ್ಣ ಕಾಳು ಉದುರಿಸಿ ಕೊಟ್ಟರು. ಮಕ್ಕಳಿಗಲ್ಲ, ದೊಡ್ಡವರಿಗೇ. ತಿನ್ನುವಾಗ ಬಿಡದಿಯ ತಟ್ಟೆ ಇಡ್ಲಿ ಕಣ್ಣಿಗೆ ಕಟ್ಟಿತು. ಅದರ ಆವಿ, ಬೆಣ್ಣೆ, ಚಟ್ನಿಯ ಹಸಿರು ಎಲ್ಲ ಕಂಡಿತು. ಇಲ್ಲದ ವಸ್ತುವನ್ನು ಇಷ್ಟು ಚೆನ್ನಾಗಿ ಕಾಣಬಲ್ಲೆನೆಂಬುದು ಮುಂದೆ ಉಪಯೋಗಕ್ಕೆ ಬರಬಹುದೆಂದು ನನಗೆ ಆಗ ಹೊಳೆಯಲಿಲ್ಲ.

ಮೂರನೆಯ ದಿನ, ಸೇತುವೆಯ ಮೇಲೆ

ತರಬೇತಿ ಕೇಂದ್ರದಲ್ಲಿ ಮೊದಲೆರಡು ದಿನ ನಮಗೆ ಒಂದು ಪೆಟ್ಟಿಗೆ ಕೊಟ್ಟರು. ಪೆಟ್ಟಿಗೆಯ ಮೇಲೆ ತೂತುಗಳು, ಒಳಗೆ ಕ್ಯಾಮೆರಾ, ಎದುರಿಗೆ ಟಿವಿ. ತೂತಿನಲ್ಲಿ ಕಡ್ಡಿ ಇಳಿಸಿ ಒಳಗಿರುವ ರಬ್ಬರ್ ಬಳೆಗಳನ್ನು ಒಂದು ಗೂಟದಿಂದ ಇನ್ನೊಂದು ಗೂಟಕ್ಕೆ ಹಾಕಬೇಕು. ಕೈ ಬಲಕ್ಕೆ ಹೋದರೆ ಕಡ್ಡಿಯ ತುದಿ ಎಡಕ್ಕೆ ಹೋಗುತ್ತದೆ. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ರಿವರ್ಸ್ ತೆಗೆದುಕೊಂಡು ಹೋದವರಿಗೆ ಈ ಸಂಕಟ ಅರ್ಥವಾಗುತ್ತದೆ. ನಮ್ಮಣ್ಣನಾಗಿದ್ದರೆ ಅರ್ಧ ಗಂಟೆಯಲ್ಲಿ ಕಲಿಯುತ್ತಿದ್ದನೇನೋ. ನನ್ನ ಹೆಸರಾದ ಕೈ ಮಾತ್ರ ಬಳೆಗಳನ್ನು ಪೆಟ್ಟಿಗೆಯ ತುಂಬ ಚೆಲ್ಲಾಡಿತು. ಪಕ್ಕದಲ್ಲಿದ್ದ ಪೋರ್ಚುಗಲ್ಲಿನ ಡಾಕ್ಟರ್ ಹುಡುಗಿ ಎಲ್ಲ ಮುಗಿಸಿ ಉಗುರು ನೋಡಿಕೊಳ್ಳುತ್ತ ಕೂತಿದ್ದಳು.

“ನನ್ನದು ಹೇಗಿದೆ?” ಎಂದು ತರಬೇತಿ ಕೊಡುವವರನ್ನು ಕೇಳಿದೆ.

“ಕೆಟ್ಟದಾಗಿದೆ” ಎಂದರು.

ನಮ್ಮಲ್ಲಿ ಇದಕ್ಕೆ “ಪರವಾಗಿಲ್ಲ” ಎನ್ನುತ್ತಾರೆ. ಅಲ್ಲಿನವರ ನಾಲಿಗೆಯಲ್ಲಿ ಆ ಪದವೇ ಇಲ್ಲವೆಂದು ಕಾಣುತ್ತದೆ.

ಮೂರನೆಯ ದಿನ ಕೋರಿ ಅಜ್ಜಿ ತಮ್ಮ ಸೈಕಲ್ ಕೊಟ್ಟರು. ಸೈಕಲ್ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ. ತಿಪ್ಪಸಂದ್ರದಿಂದ ಮಾಗಡಿಗೆ ಹೈಸ್ಕೂಲಿಗೆ ಹೋದದ್ದೇ ಸೈಕಲ್ಲಿನಲ್ಲಿ. ಆ ಊರಿನ ತುಂಬ ಕಾಲುವೆಗಳು, ಕಾಲುವೆಗಳ ಮೇಲೆ ಗೂನುಬೆನ್ನಿನ ಸೇತುವೆಗಳು. ಒಂದು ಸೇತುವೆ ಹತ್ತಿ, ಇಳಿಜಾರಿಗೆ ಬಂದಾಗ ಸಂತೋಷವಾಗಿ, ಹೈಸ್ಕೂಲಿನ ಅಭ್ಯಾಸದಂತೆ ಪೆಡಲನ್ನು ಹಿಂದಕ್ಕೆ ಗರಗರ ತಿರುಗಿಸಿದೆ. ನಮ್ಮ ಸೈಕಲ್ಲುಗಳಲ್ಲಿ ಹಾಗೆ ತಿರುಗಿಸಿದರೆ ಟಿಕಿಟಿಕಿ ಸದ್ದು ಬರುತ್ತದೆ, ಮತ್ತೇನೂ ಆಗುವುದಿಲ್ಲ. ಅಜ್ಜಿಯ ಸೈಕಲ್ಲಿನಲ್ಲಿ ಪೆಡಲನ್ನು ಹಿಂದಕ್ಕೆ ಒತ್ತುವುದೇ ಬ್ರೇಕು. ಸೈಕಲ್ ಅಲ್ಲೇ ನಿಂತಿತು. ನಾನು ಮುಂದಕ್ಕೆ ಹೋದೆ.

ಹಿಂದೆ ಬರುತ್ತಿದ್ದ ಹೆಂಗಸೊಬ್ಬರು ಇಳಿದು ನನ್ನನ್ನು ಎಬ್ಬಿಸಿದರು. “ತಪ್ಪು ನಿಮ್ಮದೇ” ಎಂದು ಮೊದಲು ಹೇಳಿ, ಆಮೇಲೆ ತಮ್ಮ ಕುತ್ತಿಗೆಯ ಸ್ಕಾರ್ಫ್ ಬಿಚ್ಚಿ ನನ್ನ ಬಲಗೈ ಮಣಿಕಟ್ಟಿಗೆ ಕಟ್ಟಿ, ಕೇಂದ್ರದ ಬಾಗಿಲವರೆಗೂ ತಂದು ಬಿಟ್ಟರು. ಮೂಳೆ ಮುರಿದಿರಲಿಲ್ಲ, ಉಳುಕಿತ್ತು. ಐದಾರು ದಿನ ಆ ಕೈಯಲ್ಲಿ ಏನನ್ನೂ ಹಿಡಿಯುವಂತಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದರು. ನನಗೆ ಅಳು ಬರುವುದೊಂದು ಬಾಕಿ. ಹದಿನೈದು ದಿನದ ತರಬೇತಿಯಲ್ಲಿ ಐದಾರು ದಿನ ಕೈಕಟ್ಟಿ ಕೂತರೆ ಪಾಸಾಗುವುದೆಲ್ಲಿ, ಮುಮ್ತಾಜ್ ಸಿಸ್ಟರಿಗೆ ಏನೆಂದು ಮುಖ ತೋರಿಸುವುದು?

“ಹಾಗಾದರೆ ಮರೈಕೆಯ ಹತ್ತಿರ ಹೋಗಿ. ಆಕೆಗೆ ನಿಮ್ಮ ಕೈ ಬೇಕಾಗಿಲ್ಲ” ಎಂದರು ತರಬೇತಿಯವರು.

ಮರೈಕೆಯ ಕೋಣೆ

ಮರೈಕೆ ಡಾಕ್ಟರಲ್ಲ, ಮಿದುಳಿನ ಬಗ್ಗೆ ಸಂಶೋಧನೆ ಮಾಡುವವರು. ಬಾಗಿಲಿಗೆ ತಲೆ ತಗಲುವಷ್ಟು ಎತ್ತರ. ಆಪರೇಷನ್ನನ್ನು ಮನಸ್ಸಿನಲ್ಲೇ ಮಾಡಿ ಕಲಿಯಬಹುದೇ, ಹಾಗೆ ಮಾಡುವಾಗ ಮಿದುಳಿನಲ್ಲಿ ಏನು ನಡೆಯುತ್ತದೆ ಎನ್ನುವುದು ಅವರ ಪ್ರಶ್ನೆ. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಕೈಯನ್ನು ಒಂದಿಷ್ಟೂ ಆಡಿಸದೆ, ಗಂಟು ಹಾಕುತ್ತಿದ್ದೇನೆಂದು ಬಿಗಿಯಾಗಿ ಅಂದುಕೊಂಡರೂ ಮಿದುಳಿನಲ್ಲಿ ಕೈಯಾಡಿಸುವುದಕ್ಕೆ ಸಿದ್ಧತೆ ಮಾಡುವ ಭಾಗಗಳು ಎಚ್ಚರಗೊಳ್ಳುತ್ತವಂತೆ. ಆದರೆ ಸುಮ್ಮನೆ ಅಂದುಕೊಂಡರೆ ಸಾಲದು. ಸಲಕರಣೆಯ ತೂಕ, ನೂಲಿನ ಬಿಗಿ, ಸದ್ದು, ವಾಸನೆ ಎಲ್ಲ ಬರಬೇಕು. ದೂರದಿಂದ ಇನ್ನೊಬ್ಬರನ್ನು ನೋಡುವಂತಲ್ಲ, ತನ್ನ ಕಣ್ಣಿನಿಂದ ತನ್ನ ಕೈಯನ್ನೇ ನೋಡುವಂತೆ ಇರಬೇಕು.

“ಮಲಗಿ, ಕಣ್ಣು ಮುಚ್ಚಿ, ಆ ಕಡ್ಡಿಗಳಿಂದಲೇ ಪಿತ್ತಕೋಶ ತೆಗೆಯಿರಿ” ಎಂದರು.

ಮಲಗಿದೆ. ಕೈ ತೊಳೆಯುವವರೆಗೆ ಚೆನ್ನಾಗಿ ಬಂತು. ಆಮೇಲೆ ತಟ್ಟೆ ಇಡ್ಲಿ ಬಂತು. ಅದನ್ನು ಪಕ್ಕಕ್ಕೆ ಸರಿಸಿ ಮತ್ತೆ ಹೊಟ್ಟೆಯ ಹತ್ತಿರ ಹೋದೆ.

ಎರಡು ದಿನ ಹೀಗೆ ಕಳೆದ ಮೇಲೆ ನನ್ನನ್ನು ಸ್ಕ್ಯಾನ್ ಯಂತ್ರದ ಸುರಂಗದೊಳಗೆ ಮಲಗಿಸಿದರು. ನಮ್ಮ ಕಡೆಯ ಹತ್ತು ರಾಗಿ ಮಿಲ್ಲುಗಳನ್ನು ಒಟ್ಟಿಗೆ ಓಡಿಸಿದರೆ ಆಗುವ ಸದ್ದು. ಅದರ ನಡುವೆ ಕಿವಿಯಲ್ಲಿ ಮರೈಕೆಯ ದನಿ: “ಈಗ ಆಪರೇಷನ್ ಮಾಡಿ. ಕೈ ಆಡಿಸಬೇಡಿ.” ಸ್ವಲ್ಪ ಹೊತ್ತಿಗೆ ಮತ್ತೆ: “ಕೈ ಆಡಿಸಬೇಡಿ ಎಂದೆ. ನಿಮ್ಮ ಎಡಗೈ ಬೆರಳು ಹೊಲಿಗೆ ಹಾಕುತ್ತಿದೆ.” ಕೊನೆಗೆ ಎರಡೂ ಕೈಗಳ ಮೇಲೆ ಮರಳಿನ ಸಣ್ಣ ಚೀಲವಿಟ್ಟರು. ಸರ್ಜನ್ನನ ಕೈ ಕಟ್ಟಿಹಾಕಿ ಆಪರೇಷನ್ ಮಾಡು ಎನ್ನುವ ಊರು ಅದೊಂದೇ ಇರಬೇಕು.

ಎರಡು ದಿನ ಬಿಟ್ಟು ಚಿತ್ರಗಳನ್ನು ತೋರಿಸಿದರು. ನನ್ನ ಮಿದುಳು ಬೂದು ಬಣ್ಣ, ಅದರ ಮೇಲೆ ಅಲ್ಲಲ್ಲಿ ಕೆಂಪು, ಹಳದಿ.

“ನಿಮ್ಮ ಕಲ್ಪನೆ ಸೋಮಾರಿ. ಕೈಗೆ ಸೇರಿದ ಭಾಗ ಕೆಲಸ ಮಾಡುತ್ತದೆ, ನಿಲ್ಲುತ್ತದೆ, ಮತ್ತೆ ಮಾಡುತ್ತದೆ. ಆದರೆ ಮಾತಿಗೆ ಸೇರಿದ ಭಾಗ ಬಿಡುವಿಲ್ಲದೆ ಉರಿಯುತ್ತಿದೆ. ಒಳಗೆ ಯಾರ ಜೊತೆ ಮಾತಾಡುತ್ತಿದ್ದಿರಿ?” ಎಂದು ಕೇಳಿದರು.

ಸುಳ್ಳು ಹೇಳುವುದು ಹೇಗೆ? ಮಿದುಳೇ ಬಿಚ್ಚಿ ಮೇಜಿನ ಮೇಲಿತ್ತು.

“ನಮ್ಮ ನರ್ಸ್ ಜೊತೆ.”

“ಏನೆಂದು?”

“ಬೈಯುತ್ತಿದ್ದೆ.”

ಮರೈಕೆ ಅದನ್ನು ಗಂಭೀರವಾಗಿ ಬರೆದುಕೊಂಡರು.

ಹಂದಿಯ ಪಿತ್ತಕೋಶ

ಒಂಬತ್ತನೆಯ ದಿನ ಕೈಯ ಪಟ್ಟಿ ಬಿಚ್ಚಿದರು. ಪೆಟ್ಟಿಗೆಯೊಳಗೆ ಈ ಸಲ ಬಳೆಗಳಿರಲಿಲ್ಲ, ಕಸಾಯಿಯವನಿಂದ ತಂದ ಹಂದಿಯ ಲಿವರ್, ಪಿತ್ತಕೋಶದ ಸಮೇತ. ಪಿತ್ತಕೋಶದಿಂದ ಹೊರಡುವ ಸಣ್ಣ ನಾಳವನ್ನು ಬಿಡಿಸಿ, ಎರಡು ಕಡೆ ಕ್ಲಿಪ್ ಹಾಕಿ, ನಡುವೆ ಕತ್ತರಿಸಬೇಕು. ಅದರ ಹತ್ತಿರವೇ ಲಿವರಿನಿಂದ ಬರುವ ದೊಡ್ಡ ನಾಳವಿರುತ್ತದೆ. ಅದನ್ನು ಕತ್ತರಿಸಿದರೆ ರೋಗಿಯ ಬಾಳೇ ಹಾಳಾಗುತ್ತದೆ.

ಆಶ್ಚರ್ಯವೆಂದರೆ ಕೈ ಮೊದಲಿಗಿಂತ ಎಷ್ಟೋ ಚೆನ್ನಾಗಿ ಮಾತು ಕೇಳಿತು. ಒಂದು ವಾರ ಮಲಗಿದ್ದವನ ಕೈ, ಬಲ ಎಡಗಳ ಗೊಂದಲವಿಲ್ಲದೆ ಓಡಾಡಿತು. ನಾನು ಉಬ್ಬಿಹೋದೆ. ಹಳೆಯ ಚುರುಕಿನಲ್ಲಿ ಬಿಡಿಸಿದೆ, ಕ್ಲಿಪ್ ಹಾಕಿದೆ, ಕತ್ತರಿಗೆ ಕೈ ಒಡ್ಡಿದೆ. ಅಲ್ಲಿನ ಸಹಾಯಕ ತಕ್ಷಣ ಕೊಟ್ಟ. ಕತ್ತರಿಸಿದೆ.

ದೊಡ್ಡ ನಾಳ ಎರಡು ತುಂಡಾಗಿತ್ತು.

ಹಂದಿ ಮೊದಲೇ ಸತ್ತಿದ್ದರಿಂದ ಬಚಾವಾಯಿತು. ಆದರೆ ನನಗೆ ಅಲ್ಲಿ ಕಂಡದ್ದು ಹಂದಿಯಲ್ಲ. ಮೇಜಿನ ಮೇಲೆ ಮುಮ್ತಾಜ್ ಸಿಸ್ಟರ್ ಮಲಗಿದ್ದರು. ಕತ್ತರಿ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟೆ. ಹದಿನೆಂಟು ವರ್ಷದಲ್ಲಿ ನಾನು ಆ ತಪ್ಪು ಒಂದು ಸಲವೂ ಮಾಡಿರಲಿಲ್ಲ. ಈಗ ಯಾಕೆ ಮಾಡಿದೆ?

“ನೀವು ಊರಿನಲ್ಲಿ ಮಾಡುವ ಆಪರೇಷನ್ನನ್ನು ಹಂತ ಹಂತವಾಗಿ ಬರೆಯಿರಿ, ಹೊಸದಾಗಿ ಬಂದವರಿಗೆ ಹೇಳಿಕೊಡುವ ಹಾಗೆ” ಎಂದು ಮರೈಕೆ ಬಿಳಿ ಹಾಳೆ ಕೊಟ್ಟರು.

ಬರೆಯಲು ಕೂತೆ. ಹೊಟ್ಟೆ ತೆರೆಯುತ್ತೇನೆ. ಕೈ ಒಡ್ಡುತ್ತೇನೆ, ಬರುತ್ತದೆ. ಹಿಡಿಯುತ್ತೇನೆ. ಕೈ ಒಡ್ಡುತ್ತೇನೆ, ಬರುತ್ತದೆ. ಅರ್ಧ ಪುಟ ತುಂಬುವಷ್ಟರಲ್ಲಿ ಪೆನ್ನು ನಿಂತಿತು. ಏನು ಬರುತ್ತದೆ, ಯಾವಾಗ ಬರುತ್ತದೆ, ಯಾಕೆ ಆಗಲೇ ಬರುತ್ತದೆ ಎನ್ನುವುದು ನನ್ನ ತಲೆಯಲ್ಲಿ ಇರಲೇ ಇಲ್ಲ. ಅದು ರಾಮನಗರದಲ್ಲಿತ್ತು.

ಸ್ಟೇಷನ್ನಿನ ಪಕ್ಕದ ಫೋನ್ ಅಂಗಡಿ

ಮಾರನೆಯ ದಿನ ಮಧ್ಯಾಹ್ನ, ನಮ್ಮಲ್ಲಿ ಥಿಯೇಟರ್ ಕೆಲಸ ಮುಗಿಯುವ ಹೊತ್ತು ನೋಡಿಕೊಂಡು, ಗಾಜಿನ ಗೂಡಿನಲ್ಲಿ ನಿಂತು ಫೋನ್ ಮಾಡಿದೆ.

“ಸಿಸ್ಟರ್, ಪಿತ್ತಕೋಶದ ಆಪರೇಷನ್ ನಾನು ಹೆಂಗೆ ಮಾಡ್ತೀನಿ ಹೇಳಿ.”

ಆ ಕಡೆ ಟ್ರೇ ಕೆಳಗಿಟ್ಟ ಸದ್ದು ಕೇಳಿತು.

“ಸಾರ್, ಮೈಗೆ ಹುಷಾರಾಗಿದ್ದೀರಾ? ಜ್ವರ ಗಿರ ಏನಾರ ಬಂದೈತಾ?”

“ಜ್ವರ ಇಲ್ಲ. ಎಲ್ಲಾ ಹೇಳಿ, ಬರ್ಕೋತೀನಿ.”

“ಕೈ ತೊಳ್ಕಂಡು ಬತ್ತೀರಿ. ಗ್ಲೌಸ್ ಹಾಕ್ಕಂಡು, ಬಲಗೈ ಹೆಬ್ಬೆಟ್ಟು ಒಸಿ ಎಳ್ಕತೀರಿ. ಸರಿಯಾಗಿ ಕೂರಲ್ಲ ಅಂತ ಬೈತೀರಿ.”

“ಅದು ಬೇಡ.”

“ನೀವು ತಾನೆ ಎಲ್ಲಾ ಹೇಳಿ ಅಂದಿದ್ದು?”

ಮರೈಕೆಯೂ ಅದನ್ನೇ ಹೇಳಿದ್ದರು. ಬರೆದುಕೊಂಡೆ. ಸಿಸ್ಟರ್ ಹೇಳುತ್ತ ಹೋದರು. ಯಾವ ಹಂತದಲ್ಲಿ ಯಾವ ಇಕ್ಕಳ, ಎಲ್ಲಿ ನನ್ನ ಎಡಗೈ ತಡವರಿಸುತ್ತದೆ, ಎಲ್ಲಿ ನಾನು ಉಸಿರು ಬಿಗಿ ಹಿಡಿಯುತ್ತೇನೆ, ಎಲ್ಲವೂ ಅವರ ಬಾಯಲ್ಲಿತ್ತು. ಅವರ ಕಣ್ಣು ಮುಚ್ಚಿತ್ತೋ ಏನೋ, ಎದುರಿಗೆ ನೋಡಿ ಹೇಳುವ ಹಾಗೆ ಹೇಳುತ್ತಿದ್ದರು. ಉಟ್ರೆಕ್ಟಿನ ಸುರಂಗದಲ್ಲಿ ಮಲಗಬೇಕಾದವರು ಅವರು.

“ಆಮೇಲೆ ನಾಳಕ್ಕೆ ಎರಡು ಕಡೆ ದಾರ ಕಟ್ತೀರಿ. ಕತ್ತರಿಗೆ ಕೈ ಒಡ್ತೀರಿ. ನಾನು ಕೊಡಲ್ಲ.”

“ಕೊಡಲ್ಲ ಅಂದ್ರೆ?”

“ಕೊಡಲ್ಲ ಸಾರ್. ಕೈನಾಗೇ ಇಟ್ಕಂಡಿರ್ತೀನಿ. ‘ಎಲ್ರೀ ಕತ್ತರಿ, ನಿದ್ದೆ ಮಾಡ್ತಿದ್ದೀರಾ’ ಅಂತ ನೀವು ಬೈತೀರಿ. ಬೈದ್ಬುಟ್ಟು ಇನ್ನೊಂದ್ಸತಿ ಒಳಗೆ ನೋಡ್ತೀರಿ. ನೋಡಿದ್ಮ್ಯಾಲೆ ಕೊಡ್ತೀನಿ.”

ನನ್ನ ಪೆನ್ನು ನಿಂತಿತು.

“ಇದು ಯಾವಾಗಿಂದ?”

“ನೀವು ಬಂದು ಒಂದೊರ್ಸ ಆಗಿತ್ತೇನೋ. ಆತುರದಾಗೆ ಬೇರೆ ನಾಳ ಕತ್ತರ್ಸಕ್ಕೆ ಕೈ ಒಡ್ಡಿದ್ರಿ. ನಾನು ಅವತ್ತು ಕತ್ತರಿ ಕೆಳಕ್ಕೆ ಬೀಳಿಸ್ಬುಟ್ಟೆ. ಬೇರೆ ಕತ್ತರಿ ತರೋ ಹೊತ್ಗೆ ನೀವೇ ನೋಡ್ಕಂಡ್ರಿ.”

ಆ ದಿನ ನೆನಪಿತ್ತು. ಕತ್ತರಿ ಬೀಳಿಸಿದ್ದಕ್ಕೆ ಥಿಯೇಟರಿನ ಎಲ್ಲರೆದುರು ಅವರ ಮೇಲೆ ಕೂಗಾಡಿದ್ದೂ ನೆನಪಿತ್ತು.

“ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀವು ಕೇಳ್ತಿದ್ರಾ ಸಾರ್?” ಎಂದರು, ಕೋಪವಿಲ್ಲದೆ. “ನಮ್ಮಪ್ಪ ರೇಷ್ಮೆ ಚರಕದ ಮುಂದೆ ಕೂತ್ರೆ ಹತ್ತು ಗೂಡಿನ ಮೇಲೂ ಕಣ್ಣಿರೋದು. ಎಳೆ ತುಂಡಾಗೋಕೆ ಮುಂಚೆನೇ ಗೊತ್ತಾಗ್ಬೇಕು ಅಂತಿದ್ರು. ನಾನು ಅಲ್ಲೇ ಕೂತು ಬೆಳ್ದೋಳಲ್ವಾ.”

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಹದಿನೆಂಟು ವರ್ಷ ನನ್ನ ಕೈ ತಪ್ಪಲಿಲ್ಲವೆಂದು ಬೀಗುತ್ತಿದ್ದೆನಲ್ಲ, ತಪ್ಪದಂತೆ ತಡೆದು ಹಿಡಿದ ಕೈ ಬೇರೆ ಇತ್ತು. ಆ ಕೈಯವರೇ ನನ್ನ ಮುಂದೆ ಅರಿವಿಲ್ಲದೆ ಮಲಗುವ ದಿನ ಕತ್ತರಿ ತಡೆಯುವವರು ಯಾರು?

“ಸಿಸ್ಟರ್, ನಿಮ್ಮದನ್ನ ಬೆಂಗಳೂರಲ್ಲೇ ಮಾಡಿಸ್ಕೊಳ್ಳಿ” ಎಂದೆ.

“ಸುಮ್ನಿರಿ ಸಾರ್. ಬರ್ಕೊಂಡ್ರಲ್ಲ, ಅದನ್ನ ಕಲ್ತ್ಕಂಡು ಬನ್ನಿ.” ಫೋನ್ ಇಟ್ಟರು.

ಉಳಿದ ನಾಲ್ಕು ದಿನ

ಮರೈಕೆಗೆ ಎಲ್ಲ ಹೇಳಿದೆ. ಅವರು ಮೊದಲ ಸಲ ನಕ್ಕರು. “ನಿಮ್ಮ ಆಪರೇಷನ್ನಿನ ಅರ್ಧ ಬೇರೆಯವರ ಮಿದುಳಿನಲ್ಲಿತ್ತು. ನಾನು ತಪ್ಪು ಮನುಷ್ಯನನ್ನು ಸ್ಕ್ಯಾನ್ ಮಾಡಿದೆ” ಎಂದರು. ಆಮೇಲೆ ಹಾಳೆಯನ್ನು ಮುಂದಿಟ್ಟುಕೊಂಡು, ಇದನ್ನೇ ದಿನಕ್ಕೆ ಎಷ್ಟು ಸಲ ಸಾಧ್ಯವೋ ಅಷ್ಟು ಸಲ ಮನಸ್ಸಿನಲ್ಲಿ ಮಾಡಿ, ಬೈಗುಳವನ್ನೂ ಬಿಡಬೇಡಿ, ಆ ಕಾಯುವಿಕೆಯನ್ನಂತೂ ಬಿಡಲೇಬೇಡಿ ಎಂದರು.

ಕಾಯುವುದನ್ನು ಕಲ್ಪಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಅವತ್ತೇ ಗೊತ್ತಾದದ್ದು. ಕೈ ಮಾಡುವ ಕೆಲಸವಾದರೆ ಬರುತ್ತದೆ. ಕೈ ಸುಮ್ಮನಿರುವ ಕೆಲಸ ಬರುವುದಿಲ್ಲ. ನಾಳದ ಹತ್ತಿರ ಬಂದ ಕೂಡಲೇ ಮನಸ್ಸು ಹಾರಿ ಕತ್ತರಿಸಿಬಿಡುತ್ತಿತ್ತು. ಮತ್ತೆ ಮೊದಲಿನಿಂದ. ಬಸ್ಸಿನಲ್ಲಿ ಮಾಡಿದೆ, ಕಾಲುವೆಯ ದಂಡೆಯ ಬೆಂಚಿನ ಮೇಲೆ ಮಾಡಿದೆ, ಮಳೆಗೆ ಅಂಗಡಿಯ ಸೂರಿನಡಿ ನಿಂತು ಮಾಡಿದೆ. ಸಿಸ್ಟರ್ ದನಿಯಲ್ಲೇ, ರಾಮನಗರದ ಕನ್ನಡದಲ್ಲೇ. “ನಾನು ಕೊಡಲ್ಲ” ಎನ್ನುವಲ್ಲಿ ನಿಲ್ಲುವುದು, ಇನ್ನೊಂದು ಸಲ ನೋಡುವುದು, ಆಮೇಲೆ ಕತ್ತರಿ.

ಒಂದು ಬೆಳಗ್ಗೆ ಕೋರಿ ಅಜ್ಜಿಯ ಊಟದ ಮೇಜಿನ ಹತ್ತಿರ ಕಣ್ಣು ಮುಚ್ಚಿ ಕೂತು ಆಪರೇಷನ್ ಮಾಡುತ್ತಿದ್ದೆ. ಕಣ್ಣು ಬಿಟ್ಟು ನೋಡಿದರೆ ಅಜ್ಜಿ ಎದುರಿಗೆ ತಲೆ ತಗ್ಗಿಸಿ, ಕೈ ಜೋಡಿಸಿ ಕೂತಿದ್ದಾರೆ. ಕಾಫಿ ತಣ್ಣಗಾಗಿದೆ. ನಾನು ಪ್ರಾರ್ಥನೆ ಮಾಡುತ್ತಿದ್ದೇನೆಂದು ತಿಳಿದು ಮುಗಿಯುವವರೆಗೆ ಕಾದಿದ್ದರು. ಪಿತ್ತಕೋಶವೆಂದು ಹೇಳಲು ಮನಸ್ಸಾಗಲಿಲ್ಲ. “ಆಮೆನ್” ಎಂದೆ. ಅವತ್ತು ಅಜ್ಜಿ ಎರಡನೆಯ ಬಿಸ್ಕತ್ತು ಕೊಟ್ಟರು.

ಹದಿನಾಲ್ಕನೆಯ ದಿನ ಪರೀಕ್ಷೆ. ಇನ್ನೊಂದು ಹಂದಿಯ ಲಿವರ್. ಕತ್ತರಿಗೆ ಕೈ ಒಡ್ಡುವ ಮೊದಲು ನಿಂತೆ. ಎರಡನೆಯ ಸಲ ನೋಡಿದೆ. ಪರೀಕ್ಷೆ ಮಾಡುವವರು ಗಡಿಯಾರ ನೋಡಿಕೊಂಡರು. ನಾನು ಇನ್ನೂ ಸ್ವಲ್ಪ ನೋಡಿದೆ. ಮುಗಿದ ಮೇಲೆ ಅವರು “ನಿಧಾನ” ಎಂದರು. ಆಮೇಲೆ “ಒಳ್ಳೆಯದು” ಎಂದು ಸೇರಿಸಿ ಸಹಿ ಹಾಕಿದರು.

ಹೊರಡುವ ಮುನ್ನ ಮರೈಕೆ ಇನ್ನೊಂದು ಸಲ ಸುರಂಗದಲ್ಲಿ ಮಲಗಿಸಿ ಚಿತ್ರ ತೆಗೆದರು. ಈ ಸಲ ಕೈಯ ಭಾಗವೂ ಮಾತಿನ ಭಾಗವೂ ಜೊತೆಜೊತೆಗೇ ಬೆಳಗಿದ್ದವು. ನಾನು ಸಂತೋಷಪಟ್ಟೆ. “ಒಬ್ಬರ ಚಿತ್ರದಿಂದ ಏನೂ ಸಾಬೀತಾಗುವುದಿಲ್ಲ” ಎಂದು ಅವರು ಕೈಕುಲುಕಿ ಕಳಿಸಿದರು.

ಮತ್ತೆ ರಾಮನಗರ

ಊರಿಗೆ ಬಂದ ತಕ್ಷಣ ಸಿಸ್ಟರನ್ನು ಮಲಗಿಸಲಿಲ್ಲ. ಮೊದಲ ಕೆಲವು ಆಪರೇಷನ್ನುಗಳಿಗೆ ಬೆಂಗಳೂರಿನಿಂದ ಅನುಭವಸ್ಥ ಸರ್ಜನ್ ಒಬ್ಬರು ಬಂದು ನನ್ನ ಪಕ್ಕ ನಿಂತರು. ಮೂರನೆಯ ತಿಂಗಳು ಅವರು ಇನ್ನು ನೀವೊಬ್ಬರೇ ಮಾಡಬಹುದೆಂದರು. ಆಮೇಲೆಯೇ ಮುಮ್ತಾಜ್ ಸಿಸ್ಟರ ಸರದಿ. ಅವರ ಅದೃಷ್ಟ, ಅಷ್ಟರಲ್ಲಿ ಮತ್ತೆ ನೋವು ಬಂದಿರಲಿಲ್ಲ. ನನ್ನ ಅದೃಷ್ಟವೂ ಹೌದು.

ಅವರ ಜಾಗದಲ್ಲಿ ನಿಲ್ಲಲು ಕನಕಪುರದಿಂದ ಲಕ್ಷ್ಮಿ ಸಿಸ್ಟರ್ ಬಂದಿದ್ದರು, ಹತ್ತು ವರ್ಷ ಕೆಲಸ ಮಾಡಿದವರು. ಮೇಜಿನ ಮೇಲೆ ಮಲಗಿದ ಮುಮ್ತಾಜ್ ಸಿಸ್ಟರ್, ಮತ್ತಿನ ಇಂಜೆಕ್ಷನ್ನಿಗೆ ಮುಂಚೆ ನನ್ನನ್ನು ಹತ್ತಿರ ಕರೆದರು.

“ಲಕ್ಷ್ಮಿಗೆ ಎಲ್ಲಾ ಹೇಳ್ಕೊಟ್ಟಿವ್ನಿ ಸಾರ್. ಒಂದ್ ಬುಟ್ಟು.”

ಯಾವುದೆಂದು ನಾನು ಕೇಳಲಿಲ್ಲ. ಅವರು ಕಣ್ಣು ಮುಚ್ಚಿದರು.

ತೂತು ಮಾಡಿ, ಕ್ಯಾಮೆರಾ ಇಳಿಸಿ, ಕೆಲಸ ಶುರುಮಾಡಿದೆ. ನಾಳ ಬಿಡಿಸಿದೆ, ಕ್ಲಿಪ್ ಹಾಕಿದೆ. ಕೈ ತನ್ನಷ್ಟಕ್ಕೆ ತಾನೇ ಚಾಚಿತು. ಲಕ್ಷ್ಮಿ ಸಿಸ್ಟರ್ ಚುರುಕು. ಉದ್ದ ಕತ್ತರಿ ತಕ್ಷಣ ಅಂಗೈಗೆ ಬಂತು. ಅದು ಕೈಯಲ್ಲಿ ತಣ್ಣಗೆ ಕೂತಿತ್ತು. ತಡೆಯುವವರು ಮೇಜಿನ ಮೇಲೆ ಮಲಗಿದ್ದರು.

ಕತ್ತರಿಯನ್ನು ವಾಪಸ್ ಲಕ್ಷ್ಮಿ ಸಿಸ್ಟರ ಕೈಯಲ್ಲಿಟ್ಟೆ.

“ಇದನ್ನ ಹಿಡ್ಕೊಂಡಿರಿ. ನಾನು ಇನ್ನೊಂದ್ಸಲ ನೋಡೋವರೆಗೂ ಕೊಡಬೇಡಿ. ಬೈದ್ರೂ ಕೊಡಬೇಡಿ.”

ನೋಡಿದೆ. ನಾಳದ ಹಿಂದೆ ಅಂಟಿದ್ದ ಕೊಬ್ಬನ್ನು ಸರಿಸಿ, ಅದು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಟಿವಿಯಲ್ಲಿ ಉದ್ದಕ್ಕೂ ನೋಡಿದೆ. ದೊಡ್ಡ ನಾಳ ದೂರದಲ್ಲಿ ಸುರಕ್ಷಿತವಾಗಿತ್ತು. ನಾನು ಮೊದಲು ಹಾಕಿದ್ದ ಕ್ಲಿಪ್ ಸರಿಯಾದ ಜಾಗದಲ್ಲೇ ಇತ್ತು. ಆದರೆ ಸರಿಯೆಂದು ಗೊತ್ತಾದದ್ದು ಎರಡನೆಯ ಸಲ ನೋಡಿದ ಮೇಲೆ.

“ಈಗ ಕೊಡಿ” ಎಂದೆ.

ಮಾರನೆಯ ದಿನ ವಾರ್ಡಿಗೆ ಹೋದಾಗ ಮುಮ್ತಾಜ್ ಸಿಸ್ಟರ್ ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದರು. ನೋವಿನ ಬಗ್ಗೆ ಕೇಳಿದೆ. ಅವರು ಅದನ್ನು ಬಿಟ್ಟು ಬೇರೆಯದೇ ಕೇಳಿದರು.

“ಲಕ್ಷ್ಮೀನ ಬೈದ್ರಾ ಸಾರ್?”

“ಇಲ್ಲ. ಕತ್ತರಿ ಕೊಟ್ರು. ನಾನೇ ವಾಪಸ್ ಕೊಟ್ಟು, ನೋಡೋವರೆಗೂ ಹಿಡ್ಕೊಳ್ಳಿ ಅಂದೆ.”

ಅವರು ಲೋಟ ಕೆಳಗಿಟ್ಟರು. ಸೆರಗಿನಿಂದ ಬಾಯಿ ಒರೆಸಿಕೊಂಡಂತೆ ಮಾಡಿ ಕಣ್ಣನ್ನೂ ಒರೆಸಿಕೊಂಡರು.

“ನಾನು ವಾಪಸ್ ಬಂದ್ಮ್ಯಾಲೆ ನನಗೂ ಹಂಗೇ ಹೇಳಿ ಸಾರ್” ಎಂದರು. “ಬೈಸ್ಕೊಳ್ದೆ ಒಂದ್ಸತಿ ಹಿಡ್ಕಂಡು ನಿಲ್ತೀನಿ.”